‘ದಿ ವಿಚರ್ 3’ ವಿಡಿಯೋ ಗೇಮ್‌ನಲ್ಲಿ ಕೋಟೆಯ ಒಡೆಯ ಬ್ಯಾರನ್ ಸತ್ತದ್ದು ನನ್ನಿಂದಲಾ? ಹಳೇ ಸೇವ್‌ಗೆ, ಅಂದರೆ ಮೊದಲು ಉಳಿಸಿಟ್ಟ ಹಂತಕ್ಕೆ, ವಾಪಸ್ ಹೋಗಿ ಸರಿ ಮಾಡಲಾ?

ಹೋಗಬೇಡಿ. ನಾನು ಹೋಗಿ ಕೆಟ್ಟೆ.

ನಿಮ್ಮ ಹಾಗೇ ನಾನೂ ಮರದ ಬುಡದ ಆ ಆತ್ಮವನ್ನು ಬಿಡಿಸಿದ್ದೆ. ಅದು ಕೇಳಿದ ಗರಿ, ಮೂಳೆ, ಕಪ್ಪು ಕುದುರೆ ಎಲ್ಲ ತಂದುಕೊಟ್ಟೆ. ಜೌಗಿನ ಗುಡಿಸಲಲ್ಲಿದ್ದ ಅನಾಥ ಮಕ್ಕಳನ್ನು ಅಲ್ಲಿನ ಮೂವರು ಮಾಟಗಾತಿಯರಿಂದ ಉಳಿಸುತ್ತೇನೆ ಅಂದಿತ್ತು, ಉಳಿಸಿತು. ಮಕ್ಕಳು ಕೈತಪ್ಪಿದ ಸಿಟ್ಟನ್ನು ಅವರು ಬ್ಯಾರನ್ ಹೆಂಡತಿ ಆ್ಯನಾ ಮೇಲೆ ತೀರಿಸಿಕೊಂಡರು, ಶಾಪ ಹಾಕಿ ಅವಳನ್ನು ಜೌಗಿನ ರಾಕ್ಷಸಿ ಮಾಡಿದರು. ಶಾಪ ಬಿಡಿಸಲು ಸರಿಯಾದ ಗೊಂಬೆಯನ್ನೇ ಆರಿಸಿದೆ. ಅವಳು ಮನುಷ್ಯಳಾದಳು, ಸ್ವಲ್ಪ ಹೊತ್ತಿಗೇ ಪ್ರಾಣ ಬಿಟ್ಟಳು. ಕೋಟೆಗೆ ಬಂದರೆ ಅಂಗಳದ ಮರದಲ್ಲಿ ಬ್ಯಾರನ್ ನೇತಾಡುತ್ತಿದ್ದ.

ನನಗೆ ತಡೆದುಕೊಳ್ಳಲು ಆಗಲಿಲ್ಲ. ಹುಟ್ಟುವ ಮೊದಲೇ ಸತ್ತ, ಹೆಸರಿಡದೆ ಹೂತ ಆ ಮಗು ಪಿಶಾಚಿಯಾಗಿ ಎದ್ದು ಬಂದಿತ್ತಲ್ಲ, ಅದನ್ನು ತೋಳಲ್ಲಿ ಎತ್ತಿಕೊಂಡು ಬ್ಯಾರನ್ ನಡೆಯುವಾಗ ನಾನು ಪಕ್ಕದಲ್ಲೇ ಇದ್ದೆ. ಹೊಸ್ತಿಲ ಬಳಿ ಹೂತು ‘ಡೀಯಾ’ ಅಂತ ಹೆಸರಿಟ್ಟ. ಅವನನ್ನು ಹಾಗೆ ನೋಡಿದ ಮೇಲೆ ಮರದಲ್ಲಿ ನೋಡುವುದು ಕಷ್ಟ.

ಈಗ ನನ್ನ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವು ಈಗ ಅದರ ಬಾಗಿಲಲ್ಲೇ ನಿಂತಿದ್ದೀರಿ. ಮೊದಲು ನಾನು 2009ರ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಆಡಿದ್ದೆ. ಅಲ್ಲಿ ದೆವ್ವ ಹಿಡಿದ ಹುಡುಗ ಕಾನರ್‌ನನ್ನು ಕೊಲ್ಲಬಹುದು, ಅವನಿಗಾಗಿ ತಾಯಿಯನ್ನು ಬಲಿ ಕೊಡಬಹುದು, ಇಲ್ಲಾ ಮಾಂತ್ರಿಕರ ಸಹಾಯ ಕೇಳಿ ಇಬ್ಬರನ್ನೂ ಉಳಿಸಬಹುದು. ಆ ಮೂರನೇ ದಾರಿ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಇಲ್ಲೂ ಎಲ್ಲರೂ ಬದುಕುವ ದಾರಿ ಇದ್ದೇ ಇರುತ್ತದೆ, ನನಗೆ ಕಾಣಲಿಲ್ಲ ಅಷ್ಟೇ ಅಂದುಕೊಂಡೆ. ಮರದ ಹತ್ತಿರ ಹೋಗುವ ಮುಂಚಿನ ಸೇವ್ ಒಂದಿತ್ತು. ಒಂಬತ್ತು ಗಂಟೆಯ ಆಟ ಬಿಟ್ಟು ಅದನ್ನು ಲೋಡ್ ಮಾಡಿದೆ.

ಈ ಸಲ ಆತ್ಮವನ್ನು ಕೊಂದೆ. ಆ್ಯನಾ ಬದುಕಿದಳು, ಬುದ್ಧಿ ಮಾತ್ರ ಕೆಟ್ಟಿತ್ತು. ಗಂಡ ಅವಳನ್ನು ವಾಸಿ ಮಾಡಿಸಲು ದೂರದ ಬೆಟ್ಟಗಳ ಕಡೆ ಕರೆದುಕೊಂಡು ಹೋದ. ಆದರೆ ಮಕ್ಕಳಿಲ್ಲ. ಮತ್ತೆ ಲೋಡ್ ಮಾಡಿದೆ. ಮೊದಲ ಸಲ ಆ ಮರ ಮಾತಾಡುವಾಗ ಮೌಸ್‌ನಿಂದ ಕೈ ತೆಗೆದು, ನಂಬಲಾ ಬೇಡವಾ ಅಂತ ತುಂಬಾ ಹೊತ್ತು ಕೂತಿದ್ದೆ. ಮೂರನೇ ಸಲ ಅದರ ಮಾತೆಲ್ಲ ಸ್ಕಿಪ್ ಮಾಡಿದೆ. ಇಷ್ಟು ಮಕ್ಕಳು, ಇಷ್ಟು ದೊಡ್ಡವರು ಅಂತ ಅಂಗಡಿ ಲೆಕ್ಕ ಹಾಕುತ್ತಿದ್ದೆ. ಕೊನೆಗೆ ಯಾವ ಆಯ್ಕೆಗೆ ಏನಾಗುತ್ತದೆ ಅಂತ ಹೇಳುವ ಗೈಡ್ ತೆಗೆದೆ.

ಒಮ್ಮೆ ತೆಗೆದ ಗೈಡ್ ಮುಚ್ಚಲೇ ಇಲ್ಲ. ಈ ಗೇಮ್‌ನ ಕೊನೆ, ನಾಯಕ ಹುಡುಕಿ ಹೊರಟ ಸಾಕುಮಗಳು ಸಿರಿ ಜೊತೆಗಿನ ಐದು ಸಣ್ಣ ಸಂದರ್ಭಗಳ ಮೇಲೆ ನಿಂತಿದೆ. ಯಾವುವು ಅಂತ ಹೇಳಲ್ಲ, ನೀವಿನ್ನೂ ಅಲ್ಲಿಗೆ ಹೋಗಿಲ್ಲ ಅಲ್ವಾ. ಒಂದು ಕಡೆ ಅವಳು ಕುಗ್ಗಿ ಕೂತಿರುತ್ತಾಳೆ, ನಿಮಗೆ ಎರಡು ಮಾತುಗಳಲ್ಲಿ ಒಂದನ್ನು ಆರಿಸಲು ಬಿಡುತ್ತಾರೆ. ನಾನು ಗೈಡ್ ಹೇಳಿದ್ದನ್ನೇ ಒತ್ತಿದೆ. ಅವಳು ನಕ್ಕಳು. ನನಗೆ ಏನೂ ಅನ್ನಿಸಲಿಲ್ಲ. ನಾನಾಗಿದ್ದರೆ ಇನ್ನೊಂದು ಮಾತನ್ನೇ ಹೇಳುತ್ತಿದ್ದೆ. ಒಳ್ಳೆಯ ಕೊನೆ ಸಿಕ್ಕಿತು. ನನ್ನದೇ ಆಗಬೇಕಿದ್ದ ಕೊನೆ ಯಾವುದಿತ್ತೋ, ಅದು ಇನ್ನು ಯಾವತ್ತೂ ಗೊತ್ತಾಗಲ್ಲ. ಎಷ್ಟು ಸಲ ಆಡಿದರೂ ಮೊದಲ ಸಲ ಅನ್ನುವುದು ಒಂದೇ ಸಲ.

ಇನ್ನು ತಪ್ಪು ನಿಮ್ಮದಾ ಅನ್ನೋದು. ಆ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಬ್ಯಾರನ್ ಕುಡಿದು ಹೆಂಡತಿಯನ್ನು ವರ್ಷಗಟ್ಟಲೆ ಹೊಡೆದವನು. ಮಗಳು ಮನೆ ಬಿಟ್ಟದ್ದು ಅದಕ್ಕೇ. ಆ್ಯನಾ ಜೌಗು ಸೇರಿದ್ದರ ಹಿಂದೆಯೂ ಅದೇ ಇದೆ. ಅವನ ಹಗ್ಗವನ್ನು ನೀವು ಹೆಗಲಿಗೆ ಹಾಕಿಕೊಳ್ಳಬೇಡಿ. ಆದರೆ ನೀವು ಬಿಡಿಸಿದ ಆ ಆತ್ಮ ಡೌನ್‌ವಾರನ್ ಹಳ್ಳಿಯನ್ನು ಹಾಳು ಮಾಡಿತು. ನಿಮ್ಮ ಪ್ರಶ್ನೆಯಲ್ಲಿ ಆ ಹಳ್ಳಿಯವರ ಹೆಸರೇ ಇಲ್ಲ. ಬ್ಯಾರನ್ ನಮ್ಮ ಜೊತೆ ಕೂತು ಅತ್ತ, ಅವರು ಅಳಲಿಲ್ಲ, ಅದಕ್ಕೇ ಇರಬೇಕು. ನಾನೂ ಎರಡು ಸಲ ಲೋಡ್ ಮಾಡಿದ್ದು ಅವನಿಗಾಗಿಯೇ, ಅವರಿಗಾಗಿ ಒಂದು ಸಲವೂ ಅಲ್ಲ.

ಆ ಸೇವ್ ಹಾಗೇ ಇಟ್ಟುಕೊಳ್ಳಿ. ಇವತ್ತು ಆಡಬೇಡಿ. ನಾಳೆ ಡೌನ್‌ವಾರನ್‌ಗೆ ಒಮ್ಮೆ ಕುದುರೆ ಓಡಿಸಿ ನೋಡಿಕೊಂಡು ಬನ್ನಿ, ಆಮೇಲೆ ಸಿರಿಯನ್ನು ಹುಡುಕಲು ಹೊರಡಿ.