ನನ್ನ ಬದುಕಿನಲ್ಲಿ ವಿಶೇಷವೇನೂ ಇಲ್ಲ, ಓದುವಂತೆ ಬರೆಯೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನನ್ನ ಹಳೆಯ ದಿನಗಳು ನೆನಪಾದವು. ಮನೆ, ಊರು, ಬಾಲ್ಯದ ಬಗ್ಗೆ ಬರೆಯುತ್ತೀರಿ, ಓದಿದವರು "ಚೆನ್ನಾಗಿದೆ" ಅಂದು ಸುಮ್ಮನಾಗುತ್ತಾರೆ ಅಂದಿದ್ದೀರಿ. ನಾನು ಬರೆಯಲು ಶುರುಮಾಡಿ 11 ವರ್ಷ ಆಯಿತು. ಮೊದಲ 3 ವರ್ಷ ನನಗೂ ಬರುತ್ತಿದ್ದದ್ದು ಅದೊಂದೇ ಮಾತು.

ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಮನೆ. ಒಮ್ಮೆ ಅಡಿಕೆ ಸುಲಿಯುವ ಕಾಲದ ಬಗ್ಗೆ ಬರೆದಿದ್ದೆ. ಮೊದಲ ಸಾಲು ಹೀಗಿತ್ತು: "ಮಲೆನಾಡಿನ ಹಸಿರ ಮಡಿಲಲ್ಲಿ ಕಳೆದ ಬಾಲ್ಯದ ಮಧುರ ನೆನಪುಗಳು ಅವಿಸ್ಮರಣೀಯ." ಚಿಕ್ಕಮ್ಮ ಓದಿ ಫೋನ್ ಮಾಡಿದಳು. "ಇದ್ರಲ್ಲಿ ನಮ್ಮನೆ ಎಲ್ಲಿದ್ಯೋ?" ಅಂದಳು. ನಿಜ ಅಲ್ವಾ? ಆಗುಂಬೆಯ ಮಳೆಯನ್ನು ಒಮ್ಮೆಯೂ ಕಾಣದವರೂ ಆ ಸಾಲು ಬರೆಯಬಹುದಿತ್ತು.

ಮತ್ತೆ ಬರೆದೆ. ಈ ಸಲ ಕಂಡದ್ದು, ಕೇಳಿದ್ದು ಮಾತ್ರ. ನವೆಂಬರ್ ರಾತ್ರಿ. ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತ ಹೆಂಗಸರು. ಹಿತ್ತಲಲ್ಲಿ ಹಂಡೆ. ಹಿಂದಿನ ಸಲ ಅಡಿಕೆ ಬೇಯಿಸಿ ಉಳಿದ ಕೆಂಪು ಚೊಗರು ಅದರಲ್ಲಿ ಕುದಿಯುವಾಗಿನ ಒಗರು ವಾಸನೆ. ಹಸಿ ಅಡಿಕೆಯ ಕಲೆಯಿಂದ ಅಜ್ಜಿಯ ಬೆರಳು ಕಪ್ಪಾಗಿರುತ್ತಿದ್ದವು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ಅನ್ನ ಕಲಸಿ ತುತ್ತು ಕೊಡುತ್ತಿದ್ದಳು. ಒಂದು ದಿನ ನಾನು "ಆ ಕೈಯಲ್ಲಿ ಬೇಡ" ಅಂದುಬಿಟ್ಟೆ. ಮಾರನೇ ದಿನದಿಂದ ಅಜ್ಜಿ ಚಮಚ ಹಿಡಿದಳು.

ಕೊನೆಯ ಈ ಮಾತು ಬರೆಯಲು ಎರಡು ವಾರ ಹಿಂಜರಿದೆ. ಆದರೆ ಓದಿದವರು ನಿಂತದ್ದು ಅಲ್ಲೇ. ರಾಯಚೂರು ಕಡೆಯ ಒಬ್ಬರು, ಹತ್ತಿ ಬಿಡಿಸಿ ಬಿಡಿಸಿ ಒಡೆದುಹೋಗಿದ್ದ ತಮ್ಮ ಅವ್ವನ ಬೆರಳುಗಳ ಬಗ್ಗೆ ನನಗೆ ಎರಡು ಪುಟ ಬರೆದು ಕಳಿಸಿದರು. ಅವರು ಅಡಿಕೆ ತೋಟವನ್ನೇ ನೋಡಿದವರಲ್ಲ.

ಹಾಗಾಗಿ ವಿಶೇಷ ಘಟನೆ ಹುಡುಕಬೇಡಿ. ನಿಮ್ಮ ಮನೆಯ ಮಾತನ್ನೂ ಬಿಡಬೇಡಿ. "ಮೆಟ್ಟುಗತ್ತಿ" ಅನ್ನುವ ಕಡೆ "ಅಡಿಕೆ ಸುಲಿಯುವ ಸಾಧನ" ಅಂತ ಬರೆದರೆ ಜಗಲಿಯೇ ಖಾಲಿಯಾಗುತ್ತದೆ. ಗೊತ್ತಿಲ್ಲದವರಿಗೆ, ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ ಅಂತ ಒಂದು ಮಾತು ಸೇರಿಸಿದರೆ ಸಾಕು. ನಿಮ್ಮ ಅವ್ವ "ಉಂಡೀಯೇನು?" ಅಂತ ಕೇಳುವವಳಾದರೆ ಬರಹದಲ್ಲೂ ಹಾಗೇ ಕೇಳಲಿ.

ಬರೆಯಲು ಕೂತ ಕೂಡಲೇ ಪುಸ್ತಕದ ಭಾಷೆ ಬರುತ್ತಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ತಂಗಿಗೋ ಗೆಳೆಯನಿಗೋ ಹೇಳುವ ಹಾಗೆ ಹೇಳಿ, ಆಮೇಲೆ ಕೇಳಿಕೊಂಡು ಬರೆಯಿರಿ. ಬರೆದದ್ದನ್ನು ಜೋರಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಸಾಲು ತುಂಡು ಮಾಡಿ. ನನ್ನ ಅನುಭವದಲ್ಲಿ ಮೊದಲ ಪ್ಯಾರಾ ಹೆಚ್ಚಿನ ಸಲ ಬೇಕಾಗುವುದೇ ಇಲ್ಲ.

ಹಿರಿಯರನ್ನು ಕೇಳುವುದನ್ನು ಮಾತ್ರ ಮುಂದೆ ಹಾಕಬೇಡಿ. ರಾತ್ರಿ ಎಷ್ಟು ಗಂಟೆವರೆಗೆ ಸುಲಿಯುತ್ತಿದ್ದರು, ಯಾರು ಕಥೆ ಹೇಳುತ್ತಿದ್ದರು, ಇದೆಲ್ಲ ನನಗೆ ಸಿಕ್ಕಿದ್ದು ಚಿಕ್ಕಮ್ಮನಿಂದ. ಅಜ್ಜಿಯನ್ನು ಕೇಳುವಷ್ಟರಲ್ಲಿ ತಡವಾಗಿತ್ತು.

ಇನ್ನೊಂದು ವಿಷಯ. ಬದುಕಿರುವವರ ಬಗ್ಗೆ ಬರೆದರೆ ಮೊದಲು ಅವರಿಗೇ ಓದಿ ಹೇಳಿ. ನಮ್ಮ ಸಂಬಂಧಿಕರೊಬ್ಬರ ಸಾಲದ ವಿಷಯವನ್ನು ನಾನು ಕೇಳದೆ ಬರೆದಿದ್ದೆ. ಹೆಸರು ಹಾಕಿರಲಿಲ್ಲ, ಆದರೂ ಊರಿಗೆಲ್ಲ ಗೊತ್ತಾಯಿತು. ಒಂದು ವರ್ಷ ಅವರು ನಮ್ಮ ಮನೆಗೆ ಬರಲಿಲ್ಲ. ಬರಹವನ್ನು ತೆಗೆದುಹಾಕಿದೆ. ಅವರ ಮನಸ್ಸಿಗಾದ ನೋವನ್ನು ತೆಗೆಯಲು ಆಗಲಿಲ್ಲ.

ಇವತ್ತು ರಾತ್ರಿ ನಿಮ್ಮ ಮನೆಯ ಯಾರಾದರೂ ಒಬ್ಬರ ಕೈ ಬಗ್ಗೆ ಹತ್ತು ಸಾಲು ಬರೆಯಿರಿ. ಇಲ್ಲೇ ಹಾಕಿ, ನಾನು ಓದುತ್ತೇನೆ.