ವಾಲ್ವ್ ಆಂಪ್‌ನ ‘ಗುಂಯ್’ ಎಲ್ಲಿಂದ?

ಪ್ರಶ್ನೆ: ಗಿಟಾರಿಗೆಂದು ಮನೆಯಲ್ಲೇ ಸಣ್ಣ ವಾಲ್ವ್ ಆಂಪ್ಲಿಫೈಯರ್ ಕಟ್ಟಿದ್ದೇನೆ. ವಾಲ್ವ್‌ಗಳು ಎರಡು: ಸಿಗ್ನಲ್ ಹಿಗ್ಗಿಸಲು ಒಂದು 12ಎಎಕ್ಸ್7 (ಒಂದೇ ಗಾಜಿನಲ್ಲಿ ಎರಡು ಹಂತ), ಸ್ಪೀಕರ್ ನಡೆಸಲು ಒಂದು ಇಎಲ್84. 12ಎಎಕ್ಸ್7ನ ಎರಡು ಹಂತಗಳ ನಡುವಿನ ವಾಲ್ಯೂಮ್ ಸೊನ್ನೆಗಿಳಿಸಿದರೂ ‘ಗುಂಯ್’ ನಿಲ್ಲುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ಹಾಗಿದ್ದರೆ ಗಿಟಾರು, ಕೇಬಲ್ಲು, ಮೊದಲ ಹಂತ ಬಹುಮಟ್ಟಿಗೆ ನಿರಪರಾಧಿಗಳು. ಆಂಪ್ ಆಫ್ ಮಾಡಿ, 12ಎಎಕ್ಸ್7 ಕಿತ್ತು, ಸ್ಪೀಕರ್ ಜೋಡಿಸಿಟ್ಟೇ ಆಂಪ್ ಮತ್ತೆ ಆನ್ ಮಾಡಿ ನೋಡಿ. ಸದ್ದು ಹಾಗೇ ಇದ್ದರೆ ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಸೋತಿರಬಹುದು, ಇಲ್ಲವೇ ಪವರ್ ಮತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳು ತೀರಾ ಹತ್ತಿರ ಕೂತಿರಬಹುದು. ನಿಂತರೆ, ವಾಲ್ವಿನ ಎರಡನೇ ಅರ್ಧದ ಸುತ್ತ ಹುಡುಕಿ.

ಸದ್ದಿನ ಜಾತಿಯನ್ನು ಕಿವಿಯಿಂದಲೇ ಗುರುತಿಸಿ. ಟ್ಯೂನರ್ ನಂಬಬೇಡಿ, 50 ಹರ್ಟ್ಸ್‌ಗೂ (ಮನೆಯ ಎಸಿ ಕರೆಂಟಿನದು) 100ಕ್ಕೂ (ಆ ಎಸಿ ಡಿಸಿಯಾದಾಗಿನ ಏರಿಳಿತದ್ದು) ಅದು ‘ಜಿ’ ಸ್ವರ ಎಂದೇ ತೋರಿಸುತ್ತದೆ! ಮೆತ್ತನೆಯ 50 ಹೆಚ್ಚಾಗಿ ವಾಲ್ವನ್ನು ಕಾಯಿಸುವ ಹೀಟರ್‌ನದು. ಅದರ 6.3 ವೋಲ್ಟ್ ತಂತಿಗಳನ್ನು ಬಿಗಿಯಾಗಿ ಹೊಸೆದು ಷಾಸಿಯ (ಲೋಹದ ಚೌಕಟ್ಟಿನ) ಮೂಲೆಗೆ ಒತ್ತಿಡಿ. ಹೀಟರ್ ವೈಂಡಿಂಗ್‌ಗೆ ಸೆಂಟರ್ ಟ್ಯಾಪ್ (ನಟ್ಟನಡುವಿನಿಂದ ತೆಗೆದ ತಂತಿ) ಇಲ್ಲದಿದ್ದರೆ ಅದರ ಎರಡೂ ತುದಿಯಿಂದ ಒಂದೊಂದು 100 ಓಮ್ ರೆಸಿಸ್ಟರನ್ನು ಗ್ರೌಂಡಿಗೆ ಹಾಕಿ.

ಗರಗಸದಂಥ 100 ಆದರೆ ಗ್ರೌಂಡ್ ದಾರಿ ನೋಡಿ. ಹೊಸಬರು ಹೆಚ್ಚು ಎಡವುವುದು ಇಲ್ಲೇ. ಮೊದಲ ಫಿಲ್ಟರ್ ಕೆಪಾಸಿಟರ್‌ನ ಋಣ ತುದಿ ನೇರ ಟ್ರಾನ್ಸ್‌ಫಾರ್ಮರ್‌ನ ಎಚ್‌ಟಿ (ಹೈ ವೋಲ್ಟೇಜ್) ವೈಂಡಿಂಗ್‌ನ ಸೆಂಟರ್ ಟ್ಯಾಪ್‌ಗೆ (ಬ್ರಿಡ್ಜ್ ರೆಕ್ಟಿಫೈಯರ್ ಇದ್ದರೆ ಅದರ ಋಣ ತುದಿಗೆ) ಹೋಗಬೇಕು. ಅದು ಷಾಸಿಯ ಮೂಲಕ ಸುತ್ತಿದರೆ ಚಾರ್ಜಿಂಗ್ ಕರೆಂಟಿನ ಹೊಡೆತ ಸಿಗ್ನಲ್ ಗ್ರೌಂಡಿಗೂ ಸೇರುತ್ತದೆ. ಎಷ್ಟು ಹೊಸ ಕೆಪಾಸಿಟರ್ ಹಾಕಿದರೂ ಹೋಗದು.

ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಕಾದಿರುತ್ತದೆ. 22 ಕಿಲೋಓಮ್, 5 ವಾಟ್ ರೆಸಿಸ್ಟರಿನಿಂದ ಇಳಿಸಿ, ಮೀಟರಿನಲ್ಲಿ ಖಾತ್ರಿ ಮಾಡಿಕೊಂಡೇ ಕೈ ಹಾಕಿ. ಸದ್ದು ತಗ್ಗಿತೆಂದು ಪ್ಲಗ್‌ನ ಅರ್ಥಿಂಗ್ ಮಾತ್ರ ಬಿಚ್ಚಬೇಡಿ.