ಅರ್ಜಿದಾರರ ಫೇಸ್‌ಬುಕ್ ನೋಡುವುದಾದರೆ ಯಾವಾಗ, ಯಾರು, ಎಷ್ಟು?

ಮಾನ್ಯರೇ,

ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನೇಮಕಾತಿ ನೋಡಿಕೊಳ್ಳುವ ನೀವು ಬರೆದ ಪತ್ರದ ಸಾರ ಇಷ್ಟು: ಅಕೌಂಟ್ಸ್ ಸಹಾಯಕರ ಹುದ್ದೆಗೆ ಅರ್ಜಿಗಳು ಬಂದಿವೆ, ಸಂದರ್ಶನಕ್ಕೆ ಕರೆಯುವ ಮೊದಲೇ ಎಲ್ಲರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಲಾಡಿ ಎಂದು ಮಾಲೀಕರು ಹೇಳಿದ್ದಾರೆ. ಇದರಿಂದ ಪ್ರಯೋಜನ ಇದೆಯೇ, ಕಾನೂನು ಏನನ್ನುತ್ತದೆ, ಹಳೆಯ ಕಂಪನಿಯನ್ನು ಬೈದು ಪೋಸ್ಟ್ ಹಾಕಿರುವ ಒಬ್ಬ ಅರ್ಜಿದಾರನ ವಿಷಯದಲ್ಲಿ ಏನು ಮಾಡಬೇಕು ಎಂದು ಕೇಳಿದ್ದೀರಿ.

ಸಂದರ್ಶನಕ್ಕೆ ಮೊದಲು ನೋಡಬೇಡಿ. ನೋಡಲೇಬೇಕೆಂದಿದ್ದರೆ ಆಯ್ಕೆ ಬಹುಮಟ್ಟಿಗೆ ಮುಗಿದ ಮೇಲೆ, ಆಯ್ಕೆಯಲ್ಲಿ ಪಾಲಿಲ್ಲದ ಇನ್ನೊಬ್ಬರು ನೋಡಲಿ. ಮಾಲೀಕರನ್ನು ನೀವು ಒಪ್ಪಿಸಬೇಕಾಗಿರುವುದರಿಂದ ಕಾರಣಗಳನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

ಪ್ರೊಫೈಲ್ ನೋಡಿದರೆ ಕೆಲಸಗಾರ ಹೇಗೆಂದು ತಿಳಿಯುತ್ತದೆ ಎಂಬ ನಂಬಿಕೆಯನ್ನು ಅಮೆರಿಕದಲ್ಲಿ ಚಾಡ್ ವ್ಯಾನ್ ಇಡೆಕಿಂಗ್ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿದರು. ಅವರ ಅಧ್ಯಯನ 2016ರ ಸಂಶೋಧನಾ ಪತ್ರಿಕೆಯೊಂದರಲ್ಲಿದೆ. ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ 416 ಕಾಲೇಜು ವಿದ್ಯಾರ್ಥಿಗಳ ಫೇಸ್‌ಬುಕ್ ಪುಟಗಳಿಗೆ ನೇಮಕಾತಿಯಲ್ಲಿ ಪಳಗಿದವರು ಅಂಕ ಹಾಕಿದರು. ಮುಂದೆ ಕೆಲಸಕ್ಕೆ ಸೇರಿದವರ ಬಗ್ಗೆ ಮೇಲಧಿಕಾರಿಗಳು ಕೊಟ್ಟ ಅಭಿಪ್ರಾಯದ ಪಕ್ಕದಲ್ಲಿಟ್ಟು ನೋಡಿದಾಗ ಆ ಅಂಕಗಳಿಗೂ ಕೆಲಸದ ಗುಣಮಟ್ಟಕ್ಕೂ ಸಂಬಂಧ ಕಾಣಲಿಲ್ಲ. ಯಾರು ಬೇಗ ಕೆಲಸ ಬಿಡುತ್ತಾರೆ ಎಂಬುದೂ ಅದರಿಂದ ಗೊತ್ತಾಗಲಿಲ್ಲ. ಅಂಕಗಳು ಬಿಳಿಯರ ಕಡೆಗೆ, ಮಹಿಳೆಯರ ಕಡೆಗೆ ವಾಲಿದ್ದು ಮಾತ್ರ ಕಂಡಿತು.

ನಮ್ಮಲ್ಲಿ ಆ ವಾಲುವಿಕೆ ಯಾವ ಕಡೆಗೆ ಇರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದಲ್ಲಿ ಎಷ್ಟೋ ಜನ ಹೆಸರಿನ ಜೊತೆ ಊರಿನ, ತಂದೆಯ ಇನಿಷಿಯಲ್ ಮಾತ್ರ ಬರೆಯುತ್ತಾರೆ. ಅರ್ಜಿಯಲ್ಲಿ ಜಾತಿ ಕಾಣುವುದಿಲ್ಲ. ಫೇಸ್‌ಬುಕ್ ತೆರೆದರೆ ಮೊದಲು ಕಾಣುವುದೇ ಅದು: ಬಸವ ಜಯಂತಿಯ ಶುಭಾಶಯ, ಅಂಬೇಡ್ಕರ್ ಜಯಂತಿಯ ಮೆರವಣಿಗೆ, ಕೆಂಪೇಗೌಡ ಜಯಂತಿಯ ಫ್ಲೆಕ್ಸ್, ಕನಕ ಜಯಂತಿಯ ಪೋಸ್ಟರ್, ಊರಹಬ್ಬ, ಈದ್ ಊಟ. ಸೀಮಂತದ ಫೋಟೊ ಕಂಡರೆ ಹೆರಿಗೆ ರಜೆಯ ಲೆಕ್ಕ ಮನಸ್ಸಿನಲ್ಲಿ ಶುರುವಾಗುತ್ತದೆ. ಆಸ್ಪತ್ರೆಯ ಹಾಸಿಗೆಯ ಚಿತ್ರವೊಂದಿದ್ದರೆ ಆರೋಗ್ಯದ ಅನುಮಾನ. ಒಮ್ಮೆ ನೋಡಿದ್ದನ್ನು ನೋಡಿಲ್ಲ ಎಂದುಕೊಳ್ಳಲು ಯಾರಿಗೂ ಆಗದು. ಅದು ‘ನಮ್ಮ ವಾತಾವರಣಕ್ಕೆ ಹೊಂದುವುದಿಲ್ಲ’ ಎಂಬ ಬೇರೆ ಮಾತಾಗಿ ಹೊರಬೀಳುತ್ತದೆ, ಹೇಳಿದವರಿಗೂ ಅದರ ಮೂಲ ತಿಳಿದಿರುವುದಿಲ್ಲ.

ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ವೀಕ್ಷಣಾಲಯದ ನಿರ್ದೇಶಕರ ಹುದ್ದೆಗೆ 2007ರಲ್ಲಿ ಅರ್ಜಿ ಹಾಕಿದ್ದ ಖಗೋಳ ವಿಜ್ಞಾನಿ ಮಾರ್ಟಿನ್ ಗ್ಯಾಸ್ಕೆಲ್ ಅವರದು ಇಂಥದೇ ಪ್ರಕರಣ. ಅವರು ಮುಂಚೂಣಿಯಲ್ಲಿದ್ದರು. ಆಯ್ಕೆ ಸಮಿತಿಯಲ್ಲಿದ್ದವರು ಅಂತರ್ಜಾಲದಲ್ಲಿ ಧರ್ಮ ಮತ್ತು ವಿಜ್ಞಾನದ ಬಗ್ಗೆ ಅವರು ಬರೆದದ್ದನ್ನು ಕಂಡರು, ಅದನ್ನು ಇಮೇಲ್‌ಗಳಲ್ಲಿ ಚರ್ಚಿಸಿದರು. ಹುದ್ದೆ ಬೇರೆಯವರಿಗೆ ಹೋಯಿತು, ಗ್ಯಾಸ್ಕೆಲ್ ದಾವೆ ಹೂಡಿದರು. 2011ರಲ್ಲಿ ವಿಶ್ವವಿದ್ಯಾಲಯ ತಪ್ಪು ಒಪ್ಪಿಕೊಳ್ಳದೆಯೇ 1.25 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನಿಮ್ಮ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅರ್ಜಿದಾರರ ಫೋಟೊ ಹಂಚುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ.

ಈಗ ನಮ್ಮ ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಅವಧಿ ಇದೆ. ವ್ಯಕ್ತಿ ತಾನೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು 3ನೇ ಕಲಂ ಹೇಳುತ್ತದೆ. ಮಾಲೀಕರು ಬಹುಶಃ ಇದನ್ನೇ ಹಿಡಿದು ಮಾತಾಡುತ್ತಿರಬೇಕು. ಆದರೆ ಗೆಳೆಯರು ಟ್ಯಾಗ್ ಮಾಡಿದ ಚಿತ್ರ ಅರ್ಜಿದಾರರು ‘ತಾನೇ’ ಹಾಕಿದ್ದಲ್ಲ. ಪ್ರೈವೇಟ್ ಖಾತೆಗೆ ನಕಲಿ ಹೆಸರಿನಲ್ಲಿ ರಿಕ್ವೆಸ್ಟ್ ಕಳಿಸಿ ನೋಡಿದ್ದಂತೂ ಸಾರ್ವಜನಿಕ ಅಲ್ಲವೇ ಅಲ್ಲ. ಇವಕ್ಕೆ ಆ ವಿನಾಯಿತಿಯ ಆಸರೆ ಸಿಗದು. ಸಂದರ್ಶನದಲ್ಲಿ ಮೊಬೈಲ್ ತೆಗೆಸಿ ‘ಲಾಗಿನ್ ಆಗಿ ತೋರಿಸಿ’ ಎನ್ನುವುದು ಇನ್ನೂ ಕೆಟ್ಟದ್ದು. ಪಾಸ್‌ವರ್ಡ್ ಕೇಳುವುದನ್ನು ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2012ರಲ್ಲೇ ನಿಷೇಧಿಸಿತು. ಇನ್ನು ತಾರತಮ್ಯದ ವಿಷಯ: ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು 2019ರ ವೇತನ ಸಂಹಿತೆ ತಡೆಯುತ್ತದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ, ಎಚ್‌ಐವಿ ಇರುವವರಿಗೆ ಪ್ರತ್ಯೇಕ ಕಾಯ್ದೆಗಳಿವೆ. ಜಾತಿ, ಧರ್ಮದ ಕಾರಣಕ್ಕೆ ಖಾಸಗಿ ಕಂಪನಿ ಅರ್ಜಿ ತಳ್ಳಿಹಾಕುವುದನ್ನು ನೇರವಾಗಿ ಹಿಡಿಯುವ ಸಮಗ್ರ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ಆ ತಡೆ ನಿಮ್ಮ ಕಚೇರಿಯ ಪದ್ಧತಿಯಲ್ಲೇ ಇರಬೇಕು.

ಪದ್ಧತಿ ಹೀಗಿರಲಿ. ಹುದ್ದೆಯ ಜಾಹೀರಾತಿನಲ್ಲೇ ಒಂದು ಸಾಲು ಹಾಕಿ: ‘ಆಯ್ಕೆಯಾದವರು ತಾವೇ ಕೊಟ್ಟ ವೃತ್ತಿಪರ ಖಾತೆಗಳನ್ನು ಮಾತ್ರ, ನೇಮಕಾತಿ ಪತ್ರ ಕೊಡುವ ಮೊದಲು ಪರಿಶೀಲಿಸಲಾಗುವುದು.’ ಏನು ನೋಡಬೇಕೆಂದು ಮೊದಲೇ ಕಾಗದದ ಮೇಲೆ ಬರೆಯಿರಿ, ಮೂರಕ್ಕಿಂತ ಹೆಚ್ಚು ಬೇಡ. ಅಕೌಂಟ್ಸ್ ಹುದ್ದೆಗೆ ನಾವು ಬರೆಯುವುದಾದರೆ: ಲಿಂಕ್ಡ್‌ಇನ್‌ನಲ್ಲಿರುವ ಕೆಲಸದ ವರ್ಷಗಳು ಅರ್ಜಿಗೆ ತಾಳೆಯಾಗುತ್ತವೆಯೇ, ಹಳೆಯ ಕಂಪನಿಯ ಬಿಲ್, ದರ, ಗ್ರಾಹಕರ ವಿವರ ಹೊರಗೆ ಹಾಕಿದ್ದಾರೆಯೇ, ಯಾರಿಗಾದರೂ ಹಿಂಸೆಯ ಬೆದರಿಕೆ ಹಾಕಿದ್ದಾರೆಯೇ. ನೋಡುವವರು ಈ ಮೂರಕ್ಕೆ ಹೌದು ಅಥವಾ ಇಲ್ಲ ಎಂದಷ್ಟೇ ಆಯ್ಕೆ ಸಮಿತಿಗೆ ತಿಳಿಸಬೇಕು. ‘ಹೌದು’ ಇದ್ದಲ್ಲಿ ಮಾತ್ರ ದಿನಾಂಕ, ಲಿಂಕ್, ಆ ಒಂದು ಪೋಸ್ಟಿನ ಸ್ಕ್ರೀನ್‌ಶಾಟ್ ಇರಲಿ. ಕೊನೆಗೆ ನೇಮಕವಾಗದವರ ಇಂಥ ಕಡತವನ್ನು ಆರು ತಿಂಗಳೊಳಗೆ ಅಳಿಸಿ.

ಹೆಸರು ಹಾಕಿ ಹುಡುಕದೆ ಅವರೇ ಕೊಟ್ಟ ಖಾತೆಗಳನ್ನು ಮಾತ್ರ ನೋಡಿ ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ಮಂಜುನಾಥ್ ಎಂದು ಹುಡುಕಿದರೆ ಬೆಂಗಳೂರೊಂದರಲ್ಲೇ ಎಷ್ಟು ಜನ ಸಿಗುತ್ತಾರೋ ನೋಡಿ. ಇಂಗ್ಲಿಷ್ ಕಾಗುಣಿತ ಒಬ್ಬೊಬ್ಬರದು ಒಂದೊಂದು, ಇನಿಷಿಯಲ್ ಕೆಲವೊಮ್ಮೆ ಹಿಂದೆ, ಕೆಲವೊಮ್ಮೆ ಮುಂದೆ. ಪ್ರೊಫೈಲ್ ಚಿತ್ರದಲ್ಲಿ ಮಗುವೋ ದೇವರೋ ಸಿನಿಮಾ ನಟರೋ ಇರುತ್ತಾರೆ. ಬೇರೆ ಯಾರದೋ ಪೋಸ್ಟಿನಿಂದ ಕೆಲಸ ತಪ್ಪಿದವರಿಗೆ ಅದು ಗೊತ್ತೂ ಆಗುವುದಿಲ್ಲ, ತಿದ್ದುವ ಅವಕಾಶವೂ ಸಿಗುವುದಿಲ್ಲ.

ಮಾಲೀಕರ ನಿಜವಾದ ಭಯ ಸುಳ್ಳು ಅನುಭವ ಮತ್ತು ಕೈಚಳಕದ್ದಾದರೆ ಅದಕ್ಕೆ ಗಟ್ಟಿ ದಾರಿಗಳಿವೆ. ಪಿಎಫ್‌ನ ಯುಎಎನ್ (ಪ್ರತಿ ಉದ್ಯೋಗಿಯ ಪಿಎಫ್ ಗುರುತಿನ ಸಂಖ್ಯೆ) ಪೋರ್ಟಲ್‌ನಿಂದ ಸೇವಾ ವಿವರವನ್ನು ಅರ್ಜಿದಾರರೇ ಡೌನ್‌ಲೋಡ್ ಮಾಡಿ ಕೊಡಲಿ (ಒಟಿಪಿ ಮಾತ್ರ ಕೇಳಬೇಡಿ). ಎಲ್ಲೆಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ ಎಂಬುದು ಅದರಲ್ಲಿರುತ್ತದೆ. ನಗದು ಕೈಯಲ್ಲಿರುವ ಹುದ್ದೆಯಾದರೆ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ತರಿಸಿ. ಎಲ್ಲಕ್ಕಿಂತ ಮೇಲು, ಒಂದು ಗಂಟೆಯ ಕೆಲಸ ಕೊಟ್ಟು ನೋಡುವುದು: 20 ಖರೀದಿ ಬಿಲ್, ಅದೇ ತಿಂಗಳ ಮಾದರಿ ಜಿಎಸ್‌ಟಿಆರ್-2ಬಿ (ಮಾರಾಟಗಾರರು ಸಲ್ಲಿಸಿದ ಬಿಲ್‌ಗಳಿಂದ ಜಿಎಸ್‌ಟಿ ಪೋರ್ಟಲ್ ಸಿದ್ಧಪಡಿಸುವ ಖರೀದಿ ಪಟ್ಟಿ). ನೀವೇ ಮೂರು ತಪ್ಪು ಸೇರಿಸಿಡಿ: ಒಂದು ಜಿಎಸ್‌ಟಿ ಸಂಖ್ಯೆ ತಪ್ಪು, ಒಂದು ಬಿಲ್ ಎರಡು ಸಲ, ಒಂದು 2ಬಿಯಲ್ಲಿ ಇಲ್ಲದ್ದು. ಲೆಕ್ಕದ ತಂತ್ರಾಂಶವಾದ ಟ್ಯಾಲಿಯಲ್ಲಿ ಎಂಟ್ರಿ ಮಾಡಿ ವ್ಯತ್ಯಾಸ ಹೇಳಲಿ.

ಕೊನೆಗೆ, ಹಳೆಯ ಕಂಪನಿಯನ್ನು ಬೈದವರ ಪ್ರಶ್ನೆ. ನೀವು ಈಗಾಗಲೇ ಅದನ್ನು ನೋಡಿರುವುದರಿಂದ ಅವರ ಸಂದರ್ಶನವನ್ನು ಬೇರೆಯವರು ಮಾಡಲಿ, ಸಂದರ್ಶನ ಮಾಡುವವರಿಗೆ ಪೋಸ್ಟಿನ ವಿಷಯ ಹೇಳಬೇಡಿ. ಆಯ್ಕೆಯಾಗುವ ಹಂತಕ್ಕೆ ಬಂದರೆ ನೀವು ನೇರವಾಗಿ ಕೇಳಿ: ‘ಈ ಖಾತೆ ನಿಮ್ಮದೇ? ಇದನ್ನು ಬರೆದ ಸಂದರ್ಭ ಏನು?’ ಕಂಪನಿಯ ಗುಟ್ಟು ಬಯಲು ಮಾಡಿದ್ದರೆ ಕೈಬಿಡುವುದು ನ್ಯಾಯವೇ. ಸಂಬಳ ಕೊಡಲಿಲ್ಲ, ಪಿಎಫ್ ಕಟ್ಟಲಿಲ್ಲ ಎಂಬ ದೂರಾದರೆ ಅದು ದುಡಿದವರ ಹಕ್ಕಿನ ಮಾತು, ಅದನ್ನು ದೋಷವೆಂದು ಎಣಿಸಬೇಡಿ. ಅವರ ಪಿಎಫ್ ಪಾಸ್‌ಬುಕ್ ತೋರಿಸಲು ಹೇಳಿ. ಆ ತಿಂಗಳುಗಳ ವಂತಿಗೆ ಜಮೆಯಾಗಿದೆಯೋ ಇಲ್ಲವೋ ಅಲ್ಲೇ ಕಾಣುತ್ತದೆ.

– ಸಂಪಾದಕರು